ನಿಲ್ಲಿಸುವ ಬಲ

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ ನಡೆದ ಸಂಗತಿಯಿದು. ನಾನು ವಾಸವಾಗಿದ್ದ ಊರಿಗೂ ಶಾಲೆಯಿದ್ದ ಊರಿಗೂ ಐದು ಕಿಲೋಮೀಟರುಗಳ ಅಂತರ. ದಿನವೂ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು. ಇಳಿಜಾರು ಮುಗಿದು ನೆಲ ಸಮತಟ್ಟಾದೊಡನೆ ಒಂದು ಸಣ್ಣ ಹಳ್ಳಿ. ಸುಗ್ಗಿಯ ದಿನಗಳಲ್ಲಿ ಆ ಹಳ್ಳಿಯವರು ಹುರುಳಿಯ ಗಿಡಗಳನ್ನು ಕಿತ್ತು ತಂದು ಟಾರು ರಸ್ತೆಯ ಮೇಲೆಯೇ ಹರಡುತ್ತಿದ್ದರು. ಹೋಗಿಬರುವ ಬಸ್ಸು ಲಾರಿಗಳ ಚಕ್ರಗಳೇ ಅವರ ಪಾಲಿಗೆ ರೋಣಗಲ್ಲು.

ಒಂದು ಬೆಳಿಗ್ಗೆ ಹೊತ್ತು ಮೀರಿತ್ತು. ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟದೆಯೇ ಇಳಿದು ಬಂದೆ. ಸಮತಟ್ಟಾದ ನೆಲಕ್ಕೆ ಬಂದಾಗ ಎದುರಿಗೆ ರಸ್ತೆಯ ತುಂಬ ಹುರುಳಿಯ ಹಾಸು. ಅದರ ಆಚೆಯ ತುದಿಯಲ್ಲಿ ಅಜ್ಜಿಯೊಬ್ಬಳು ನನಗೆ ಬೆನ್ನುಮಾಡಿ ಕುಳಿತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಎರಡು ಬ್ರೇಕುಗಳನ್ನೂ ಬಲವಾಗಿ ಹಿಡಿದೆ. ಚಕ್ರಗಳು ತಿರುಗುವುದನ್ನು ಆ ಕ್ಷಣವೇ ನಿಲ್ಲಿಸಿದವು. ಆದರೆ ಸೈಕಲ್ಲು ನಿಲ್ಲಲಿಲ್ಲ. ನಿಂತ ಚಕ್ರಗಳ ಮೇಲೆಯೇ ಅದು ನನ್ನನ್ನು ಹೊತ್ತು ಮುಂದೆ ಮುಂದೆ ಜಾರುತ್ತಿತ್ತು. ಬೇರೆ ದಾರಿ ಕಾಣದೆ ಸೈಕಲ್ಲನ್ನು ಪಕ್ಕಕ್ಕೆ ಉರುಳಿಸಿ ಬಿದ್ದೆ. ಕಣ್ಣು ತೆರೆದು ನೋಡಿದಾಗ ಮುಂದಿನ ಚಕ್ರಕ್ಕೂ ಅಜ್ಜಿಯ ಬೆನ್ನಿಗೂ ನಡುವೆ ಒಂದು ಮೊಳದಷ್ಟು ಜಾಗ ಉಳಿದಿತ್ತು.

ಅಜ್ಜಿ ನನ್ನನ್ನು ಎಬ್ಬಿಸಿ, ಮೊಣಕಾಲಿನ ಗಾಯಕ್ಕೆ ಅರಿಸಿನ ಮೆತ್ತಿ, ನೀರು ಕೊಟ್ಟು, ಬಳಿಕ ಕೇಳಿದಳು: “ಬಿರಿ ಇರಲಿಲ್ಲವೇ ಮೇಷ್ಟ್ರೇ?”

“ಇತ್ತಮ್ಮ, ಹಿಡಿದೆ.”

“ಹಿಡಿದರೆ ಏಕೆ ನಿಲ್ಲಲಿಲ್ಲ?”

ಕನ್ನಡ ಸಾಹಿತ್ಯವನ್ನು ಓದಿ ಬಂದಿದ್ದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಶಾಲೆಗೆ ಹೋದವನು ವಿಜ್ಞಾನದ ಉಪಾಧ್ಯಾಯರಾಗಿದ್ದ ನನ್ನ ಮಿತ್ರರನ್ನು ಕೇಳಿದೆ. ಅವರು ನಕ್ಕು, “ಬ್ರೇಕು ಹಿಡಿಯುವುದು ಚಕ್ರವನ್ನು. ಸೈಕಲ್ಲನ್ನು ಹಿಡಿಯಬೇಕಾದದ್ದು ರಸ್ತೆ. ಅದು ಎಷ್ಟು ಬಲದಿಂದ ಹಿಡಿಯುತ್ತದೆಂಬುದನ್ನು ಲೆಕ್ಕ ಹಾಕಬಹುದು. ನಾಳೆ ಒಂಬತ್ತನೆಯ ತರಗತಿಗೆ ಬನ್ನಿ, ಹುಡುಗರೊಡನೆ ನೀವೂ ಕುಳಿತು ನೋಡಿ” ಎಂದರು. ಮರುದಿನ ನಾನು ಕಲಿತದ್ದನ್ನೇ ಇಲ್ಲಿ ನಿಮಗೆ ಹೇಳಹೊರಟಿದ್ದೇನೆ.

ತಳ್ಳಿದ ವಸ್ತು ಸ್ವಲ್ಪ ದೂರ ಹೋಗಿ ನಿಲ್ಲುವುದನ್ನು ನಾವು ದಿನವೂ ಕಾಣುತ್ತೇವೆ. ಕೇರಂ ಹಲಗೆಯ ಮೇಲೆ ಹೊಡೆದ ಬಿಲ್ಲೆ ನಿಲ್ಲುತ್ತದೆ. ನೆಲದ ಮೇಲೆ ನೂಕಿದ ಪೆಟ್ಟಿಗೆ ನಿಲ್ಲುತ್ತದೆ. ಇದನ್ನು ಕಂಡು ಪ್ರಾಚೀನರು, ನಿಲ್ಲುವುದು ವಸ್ತುವಿನ ಸ್ವಭಾವವೆಂದೂ ಚಲಿಸುತ್ತಿರಲು ಯಾರಾದರೂ ತಳ್ಳುತ್ತಲೇ ಇರಬೇಕೆಂದೂ ತಿಳಿದಿದ್ದರು. ಗ್ರೀಸ್ ದೇಶದ ಅರಿಸ್ಟಾಟಲನ ಅಭಿಪ್ರಾಯವೂ ಇದೇ ಆಗಿತ್ತು. ಇಟಲಿಯ ಗೆಲಿಲಿಯೋ ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಈ ವಿಷಯವನ್ನು ನಿಯಮದ ರೂಪದಲ್ಲಿ ನಿರೂಪಿಸಿದನು. ಹೊರಗಿನ ಬಲವೊಂದು ತಡೆಯದಿದ್ದರೆ ಚಲಿಸುವ ವಸ್ತು ಅದೇ ವೇಗದಿಂದ ಸರಳರೇಖೆಯಲ್ಲಿ ಚಲಿಸುತ್ತಲೇ ಇರುತ್ತದೆ. ಆದ್ದರಿಂದ ಯಾವುದಾದರೂ ವಸ್ತು ನಿಂತಿತೆಂದರೆ ಅದನ್ನು ಒಂದು ಬಲ ನಿಲ್ಲಿಸಿತೆಂದೇ ಅರ್ಥ. ನೆಲದ ಮೇಲೆ ಜಾರುವ ವಸ್ತುವನ್ನು ಹೀಗೆ ನಿಲ್ಲಿಸುವ ಬಲಕ್ಕೆ ಘರ್ಷಣ ಬಲವೆಂದು ಹೆಸರು. ಒಂದರ ಮೇಲೊಂದು ಸರಿಯುವ ಎರಡು ಮೇಲ್ಮೈಗಳ ನಡುವೆ ಅದು ಹುಟ್ಟುತ್ತದೆ; ವಸ್ತು ಚಲಿಸುವ ದಿಕ್ಕಿಗೆ ಎದುರಾಗಿ ವರ್ತಿಸುತ್ತದೆ.

ಕಣ್ಣಿಗೆ ಕಾಣದ ಈ ಬಲವನ್ನು ಅಳೆಯುವುದು ಹೇಗೆ? ನನ್ನ ಮಿತ್ರರು ಹೆಚ್ಚಿನ ಸಲಕರಣೆಗಳನ್ನೇನೂ ತರಿಸಲಿಲ್ಲ. ಒಂದು ಮರದ ಪೆಟ್ಟಿಗೆಯೊಳಗೆ ಕಲ್ಲುಗಳನ್ನಿಟ್ಟು ಅದರ ದ್ರವ್ಯರಾಶಿ ಸರಿಯಾಗಿ 2 ಕಿಲೋಗ್ರಾಂ ಆಗುವಂತೆ ಮಾಡಿದರು. ಶಾಲೆಯ ಜಗುಲಿಯ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಒಬ್ಬ ಹುಡುಗನು ಪೆಟ್ಟಿಗೆಯನ್ನು ತಳ್ಳಿಕೊಂಡು ಬಂದು ಗೆರೆಯ ಬಳಿ ಕೈ ಬಿಡಬೇಕು. ಇನ್ನೊಬ್ಬನು ಅದು ನಿಲ್ಲುವವರೆಗಿನ ಕಾಲವನ್ನು ಆಟದ ಸ್ಟಾಪ್‌ವಾಚಿನಿಂದ ಎಣಿಸಬೇಕು. ಮೂರನೆಯವನು ಗೆರೆಯಿಂದ ಪೆಟ್ಟಿಗೆ ಸರಿದ ದೂರವನ್ನು ಅಳೆಯಬೇಕು. ಅಷ್ಟೇ ಪ್ರಯೋಗ.

ಒಮ್ಮೆ ಪೆಟ್ಟಿಗೆ 1 ಸೆಕೆಂಡಿನಲ್ಲಿ 1.5 ಮೀಟರು ಸರಿದು ನಿಂತಿತೆನ್ನೋಣ. ಇದರಿಂದ ಬಲವನ್ನು ಕಂಡುಹಿಡಿಯುವ ಕ್ರಮವನ್ನು ಹಂತಹಂತವಾಗಿ ಗಮನಿಸಿರಿ.

ಮೊದಲನೆಯ ಹಂತ: 1.5 ಮೀಟರನ್ನು 1 ಸೆಕೆಂಡಿನಿಂದ ಭಾಗಿಸಿದರೆ ಪೆಟ್ಟಿಗೆಯ ಸರಾಸರಿ ವೇಗ ಸೆಕೆಂಡಿಗೆ 1.5 ಮೀಟರು. ಆದರೆ ವೇಗವು ಆರಂಭದಲ್ಲಿ ಹೆಚ್ಚಾಗಿದ್ದು ಕೊನೆಯಲ್ಲಿ ಸೊನ್ನೆಯಾಯಿತು. ಅದು ಒಂದೇ ಸಮನಾಗಿ ಇಳಿದಿದ್ದರೆ ಸರಾಸರಿಯು ಆರಂಭದ ವೇಗದ ಅರ್ಧದಷ್ಟಿರುತ್ತದೆ. ಆದ್ದರಿಂದ ಕೈ ಬಿಟ್ಟಾಗ ಪೆಟ್ಟಿಗೆಯ ವೇಗ ಸೆಕೆಂಡಿಗೆ 3 ಮೀಟರು.

ಎರಡನೆಯ ಹಂತ: ಸೆಕೆಂಡಿಗೆ 3 ಮೀಟರಿದ್ದ ವೇಗ 1 ಸೆಕೆಂಡಿನಲ್ಲಿ ಸೊನ್ನೆಯಾಯಿತು. ಅಂದರೆ ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರಿನಂತೆ ಇಳಿಯಿತು. ವೇಗ ಹೀಗೆ ಇಳಿಯುವ ದರವನ್ನು ಋಣ ವೇಗೋತ್ಕರ್ಷವೆನ್ನುತ್ತಾರೆ.

ಮೂರನೆಯ ಹಂತ: ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ನ್ಯೂಟನ್ನನ ಎರಡನೆಯ ನಿಯಮದಿಂದ ತಿಳಿಯುತ್ತದೆ. 2 ಕಿಲೋಗ್ರಾಮನ್ನು 3ರಿಂದ ಗುಣಿಸಿದರೆ 6. ಪೆಟ್ಟಿಗೆಯನ್ನು ನಿಲ್ಲಿಸಿದ ಘರ್ಷಣ ಬಲ 6 ನ್ಯೂಟನ್.

ಇದೇ ಉತ್ತರವನ್ನು ಶಕ್ತಿಯ ದಾರಿಯಿಂದಲೂ ಮುಟ್ಟಬಹುದು. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟಿರುತ್ತದೆ. 2ರ ಅರ್ಧ 1. 3ರ ವರ್ಗ 9. ಆದ್ದರಿಂದ ಪೆಟ್ಟಿಗೆಯ ಚಲನಶಕ್ತಿ 9 ಜೂಲ್. ನೆಲವು 1.5 ಮೀಟರಿನಷ್ಟು ದೂರದಲ್ಲಿ ಈ ಶಕ್ತಿಯನ್ನೆಲ್ಲ ಕಸಿದುಕೊಂಡಿತು. 9ನ್ನು 1.5ರಿಂದ ಭಾಗಿಸಿದರೆ ಮತ್ತೆ 6 ನ್ಯೂಟನ್ನೇ ಬರುತ್ತದೆ. ಕಳೆದುಹೋದ ಶಕ್ತಿ ನಾಶವಾಗಲಿಲ್ಲ. ಬಹುಪಾಲು ಶಾಖವಾಗಿ ನೆಲದಲ್ಲಿಯೂ ಪೆಟ್ಟಿಗೆಯ ತಳದಲ್ಲಿಯೂ ಸೇರಿತು. ಚಳಿಗಾಲದಲ್ಲಿ ಅಂಗೈಗಳನ್ನು ಉಜ್ಜಿಕೊಂಡು ಬೆಚ್ಚಗಾಗುವವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹುಡುಗನೊಬ್ಬನು ಎದ್ದು ನಿಂತು ಕೇಳಿದನು: “ಮೆಲ್ಲಗೆ ತಳ್ಳಿದರೆ ಪೆಟ್ಟಿಗೆ ಬೇಗ ನಿಲ್ಲುತ್ತದೆ. ಆಗ ಬಲವೂ ಬೇರೆಯಾಗುವುದಿಲ್ಲವೇ?” ಒಳ್ಳೆಯ ಪ್ರಶ್ನೆ. ಉಪಾಧ್ಯಾಯರು ಉತ್ತರ ಹೇಳದೆ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟರು. ಅವನು ಮೆಲ್ಲಗೆ ತಳ್ಳಿದಾಗ ಪೆಟ್ಟಿಗೆ 0.8 ಸೆಕೆಂಡಿನಲ್ಲಿ 0.96 ಮೀಟರು ಸರಿದು ನಿಂತಿತೆಂದು ಇಟ್ಟುಕೊಳ್ಳಿರಿ. ಸರಾಸರಿ ವೇಗ ಸೆಕೆಂಡಿಗೆ 1.2 ಮೀಟರು, ಆರಂಭದ ವೇಗ 2.4 ಮೀಟರು. ಅದನ್ನು 0.8ರಿಂದ ಭಾಗಿಸಿದರೆ ಋಣ ವೇಗೋತ್ಕರ್ಷ ಪುನಃ 3. ಬಲ ಪುನಃ 6 ನ್ಯೂಟನ್. ದೂರ ಬೇರೆ, ಕಾಲ ಬೇರೆ. ನಿಲ್ಲಿಸಿದ ಬಲ ಮಾತ್ರ ಅದೇ. ನಿಜವಾಗಿ ಅಳೆಯುವಾಗ ಉತ್ತರಗಳು ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ. ಗಡಿಯಾರವನ್ನು ಒತ್ತುವ ಬೆರಳು ತುಸು ತಡಮಾಡಿದರೂ ಉತ್ತರ ಬದಲಾಗುತ್ತದೆ. ಆದ್ದರಿಂದಲೇ ಹತ್ತಾರು ಬಾರಿ ಅಳೆದು ಸರಾಸರಿಯನ್ನು ತೆಗೆದುಕೊಳ್ಳಬೇಕು.

ಲೆಕ್ಕದಿಂದ ಬಂದ ಉತ್ತರ ಸರಿಯೇ ಎಂಬುದನ್ನು ಪರೀಕ್ಷಿಸಲು ಇನ್ನೊಂದು ಉಪಾಯವಿದೆ. ಪೆಟ್ಟಿಗೆಗೆ ಸ್ಪ್ರಿಂಗ್ ತ್ರಾಸನ್ನು ಸಿಕ್ಕಿಸಿ, ನೆಲದ ಮೇಲೆ ಒಂದೇ ವೇಗದಲ್ಲಿ ಮೆಲ್ಲಗೆ ಎಳೆಯಬೇಕು. ವೇಗ ಹೆಚ್ಚದೆ ಕುಗ್ಗದೆ ಇರುವಾಗ ನಮ್ಮ ಕೈ ಎಳೆಯುವ ಬಲವೂ ನೆಲ ತಡೆಯುವ ಬಲವೂ ಸಮನಾಗಿರುತ್ತವೆ. ನಮ್ಮ ಪೆಟ್ಟಿಗೆಯ ವಿಷಯದಲ್ಲಿ ತ್ರಾಸಿನ ಮುಳ್ಳು 600 ಗ್ರಾಮಿನ ಬಳಿ ನಿಲ್ಲಬೇಕು, ಏಕೆಂದರೆ 0.6 ಕಿಲೋಗ್ರಾಮಿನ ತೂಕವೆಂದರೆ 0.6ನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದ ಗುಣಿಸಿದಷ್ಟು, ಅಂದರೆ ಸುಮಾರು 5.9 ನ್ಯೂಟನ್. ಎರಡು ಬೇರೆ ಬೇರೆ ದಾರಿಗಳಿಂದ ಹೊರಟು ಒಂದೇ ಊರನ್ನು ಸೇರಿದಾಗ ದಾರಿ ಸರಿಯೆಂಬ ನಂಬಿಕೆ ಹುಟ್ಟುತ್ತದೆ.

ಇನ್ನು ಪೆಟ್ಟಿಗೆಯೊಳಗೆ ಮತ್ತಷ್ಟು ಕಲ್ಲುಗಳನ್ನಿಟ್ಟು 4 ಕಿಲೋಗ್ರಾಂ ಮಾಡಿದರೆ ಎಳೆಯಲು ಸುಮಾರು 12 ನ್ಯೂಟನ್ ಬಲ ಬೇಕಾಗುತ್ತದೆ. ಭಾರ ಎರಡರಷ್ಟಾದರೆ ಘರ್ಷಣ ಬಲವೂ ಎರಡರಷ್ಟು. ಆದರೆ ಅದೇ ಪೆಟ್ಟಿಗೆಯನ್ನು ಅಗಲವಾದ ಮಗ್ಗುಲಿನ ಬದಲು ಕಿರಿದಾದ ಮಗ್ಗುಲಿನ ಮೇಲೆ ನಿಲ್ಲಿಸಿ ಎಳೆದರೆ, ಎರಡು ಮಗ್ಗುಲುಗಳೂ ಒಂದೇ ಬಗೆಯ ನುಣುಪಿನವಾಗಿರುವವರೆಗೆ, ಬಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣುವುದಿಲ್ಲ. ಇದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ.

ಈ ಎರಡು ಸಂಗತಿಗಳನ್ನು ಇಟಲಿಯ ಚಿತ್ರಕಾರನೂ ಯಂತ್ರಜ್ಞನೂ ಆಗಿದ್ದ ಲಿಯೊನಾರ್ಡೊ ಡ ವಿಂಚಿ (1452–1519) ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದನು. ಆ ಪುಸ್ತಕಗಳು ಅವನ ಕಾಲದಲ್ಲಿ ಪ್ರಕಟವಾಗಲಿಲ್ಲ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೋಂಟನ್ ಎಂಬವನು ಸ್ವತಂತ್ರವಾಗಿ ಅವುಗಳನ್ನೇ ಕಂಡು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಅದೇ ದೇಶದ ಸೇನಾ ಎಂಜಿನಿಯರಾಗಿದ್ದ ಚಾರ್ಲ್ಸ್ ಕೂಲಂಬನು ಹಡಗು ಕಟ್ಟುವ ರೋಷ್‌ಫೋರ್ ಪಟ್ಟಣದಲ್ಲಿ ದೊಡ್ಡ ಪ್ರಮಾಣದ ಪ್ರಯೋಗಗಳನ್ನು ಮಾಡಿ, ಜಾರುತ್ತಿರುವ ವಸ್ತುವಿನ ಮೇಲಿನ ಘರ್ಷಣೆಯು ಅದರ ವೇಗವನ್ನು ಹೆಚ್ಚಾಗಿ ಅವಲಂಬಿಸಿಲ್ಲವೆಂದು ತೋರಿಸಿದನು. ಈ ಕೆಲಸಕ್ಕಾಗಿ 1781ರಲ್ಲಿ ಅವನಿಗೆ ಅಕಾಡೆಮಿಯ ಬಹುಮಾನ ದೊರೆಯಿತು. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಕೂಲಂಬನೂ ಇವನೇ.

ಮಗ್ಗುಲು ಅಗಲವಾದರೂ ಘರ್ಷಣೆ ಹೆಚ್ಚದಿರಲು ಕಾರಣವೇನು? ಎಷ್ಟೇ ನುಣುಪಾಗಿ ಕಂಡರೂ ಪ್ರತಿಯೊಂದು ಮೇಲ್ಮೈಯಲ್ಲಿಯೂ ಕಣ್ಣಿಗೆ ಕಾಣದ ಬೆಟ್ಟಗುಡ್ಡಗಳಿರುತ್ತವೆ. ಎರಡು ಮೇಲ್ಮೈಗಳು ಸೇರಿದಾಗ ನಿಜವಾಗಿ ಮುಟ್ಟುವುದು ಆ ಗುಡ್ಡಗಳ ತುದಿಗಳು ಮಾತ್ರ. ಅಲ್ಲಿ ಅಣುಗಳು ಪರಸ್ಪರ ಹಿಡಿದುಕೊಳ್ಳುತ್ತವೆ. ಜಾರುವಾಗ ಆ ಹಿಡಿತಗಳನ್ನು ಕಿತ್ತುಕೊಂಡು ಹೋಗಬೇಕಾಗುತ್ತದೆ. ಭಾರ ಹೆಚ್ಚಿದಂತೆ ತುದಿಗಳು ಹೆಚ್ಚು ಚಪ್ಪಟೆಯಾಗಿ ನಿಜವಾದ ಸ್ಪರ್ಶ ಹೆಚ್ಚುತ್ತದೆ. ಮಗ್ಗುಲನ್ನು ಅಗಲ ಮಾಡಿದರೆ ಅದೇ ಭಾರ ಹೆಚ್ಚು ತುದಿಗಳ ಮೇಲೆ ಹಂಚಿಹೋಗುತ್ತದೆಯೇ ಹೊರತು ಒಟ್ಟು ಸ್ಪರ್ಶ ಬದಲಾಗುವುದಿಲ್ಲ.

ಹೀಗೆ ಘರ್ಷಣ ಬಲವು ಭಾರದ ಒಂದು ನಿರ್ದಿಷ್ಟ ಪಾಲಾಗಿರುತ್ತದೆ. ನಮ್ಮ 2 ಕಿಲೋಗ್ರಾಮಿನ ಪೆಟ್ಟಿಗೆ ನೆಲವನ್ನು ಒತ್ತುವ ಬಲ 19.6 ನ್ಯೂಟನ್, ಅದನ್ನು ನಿಲ್ಲಿಸಿದ ಬಲ 6 ನ್ಯೂಟನ್. 6ನ್ನು 19.6ರಿಂದ ಭಾಗಿಸಿದರೆ ಸುಮಾರು 0.3. ಈ ಸಂಖ್ಯೆಯನ್ನು ಆ ಎರಡು ಮೇಲ್ಮೈಗಳ ಘರ್ಷಣಾಂಕವೆಂದು ಕರೆಯುತ್ತಾರೆ. ಕೇರಂ ಹಲಗೆಯ ಮೇಲೆ ಪುಡಿಯನ್ನು ಉದುರಿಸುವುದು ಈ ಸಂಖ್ಯೆಯನ್ನು ಇಳಿಸುವುದಕ್ಕಾಗಿ. ಬಾವಿಯ ಮೆಟ್ಟಿಲುಗಳ ಪಾಚಿಯನ್ನು ಕೆರೆದು ತೆಗೆಯುವುದು ಅದನ್ನು ಏರಿಸುವುದಕ್ಕಾಗಿ.

ಘರ್ಷಣಾಂಕ ತಿಳಿದಿದ್ದರೆ, ಜಾರುವ ವಸ್ತು ಎಷ್ಟು ದೂರ ಹೋಗಿ ನಿಲ್ಲುವುದೆಂದು ಮುಂಚಿತವಾಗಿಯೇ ಹೇಳಬಹುದು. ಘರ್ಷಣಾಂಕ, 9.8 ಮತ್ತು 2 ಇವುಗಳನ್ನು ಗುಣಿಸಿ, ಬಂದ ಸಂಖ್ಯೆಯಿಂದ ವೇಗದ ವರ್ಗವನ್ನು ಭಾಗಿಸಿದರೆ ಸಮತಟ್ಟಾದ ನೆಲದ ಮೇಲೆ ನಿಲ್ಲುವ ದೂರ ದೊರೆಯುತ್ತದೆ. ಈ ಸೂತ್ರದಲ್ಲಿ ಎರಡು ಅಂಶಗಳನ್ನು ಗಮನಿಸಿರಿ.

ಒಂದು, ಇಲ್ಲಿ ದ್ರವ್ಯರಾಶಿಯ ಮಾತೇ ಇಲ್ಲ. ಭಾರವಾದ ಪೆಟ್ಟಿಗೆಯನ್ನು ನಿಲ್ಲಿಸಲು ಹೆಚ್ಚು ಬಲ ಬೇಕು. ಆದರೆ ಅದು ನೆಲವನ್ನು ಹೆಚ್ಚಾಗಿ ಒತ್ತುವುದರಿಂದ ಅಷ್ಟು ಹೆಚ್ಚಿನ ಬಲ ತಾನಾಗಿಯೇ ಒದಗುತ್ತದೆ. ಆದ್ದರಿಂದ 2 ಕಿಲೋಗ್ರಾಮಿನ ಪೆಟ್ಟಿಗೆಯೂ 4 ಕಿಲೋಗ್ರಾಮಿನ ಪೆಟ್ಟಿಗೆಯೂ ಒಂದೇ ವೇಗದಿಂದ ಹೊರಟರೆ ಒಂದೇ ದೂರದಲ್ಲಿ ನಿಲ್ಲುತ್ತವೆ.

ಎರಡು, ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ವೇಗ ಮೂರರಷ್ಟಾದರೆ ದೂರ ಒಂಬತ್ತರಷ್ಟು. ಸೆಕೆಂಡಿಗೆ 3 ಮೀಟರು ವೇಗದಲ್ಲಿ 1.5 ಮೀಟರಿನೊಳಗೆ ನಿಂತ ಪೆಟ್ಟಿಗೆ, 6 ಮೀಟರು ವೇಗದಲ್ಲಿ ಹೊರಟರೆ 6 ಮೀಟರು ದೂರ ಜಾರುತ್ತದೆ.

ಜಗುಲಿಯ ಮೇಲೆ ಇದೊಂದು ಲೆಕ್ಕ ಮಾತ್ರ. ರಸ್ತೆಯ ಮೇಲೆ ಇದು ಜೀವದ ಪ್ರಶ್ನೆ. ಒಣಗಿದ ಟಾರು ರಸ್ತೆಗೂ ರಬ್ಬರ್ ಚಕ್ರಕ್ಕೂ ನಡುವಿನ ಘರ್ಷಣಾಂಕವನ್ನು 0.7 ಎಂದೂ ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಅದನ್ನು 0.4 ಎಂದೂ ಇಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದ ಕಾರು ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ 7 ಮೀಟರಿಗಿಂತ ತುಸು ಹೆಚ್ಚು ಜಾರಿ ನಿಲ್ಲುತ್ತದೆ. ವೇಗವನ್ನು ಗಂಟೆಗೆ 72 ಕಿಲೋಮೀಟರಿಗೆ ಏರಿಸಿದರೆ ಈ ದೂರ 29 ಮೀಟರಿಗೆ ಏರುತ್ತದೆ. ಅದೇ ವೇಗದಲ್ಲಿ ರಸ್ತೆ ನೆನೆದಿದ್ದರೆ 51 ಮೀಟರು. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಒಂದು ಸೆಕೆಂಡು ಹಿಡಿದರೆ ಆ ಅವಧಿಯಲ್ಲಿಯೇ ಇನ್ನೂ 20 ಮೀಟರು ಕಳೆದುಹೋಗಿರುತ್ತದೆ. ಅಪಘಾತವಾದ ಸ್ಥಳದಲ್ಲಿ ಚಕ್ರಗಳು ಎಳೆದ ಕಪ್ಪು ಗುರುತುಗಳ ಉದ್ದವನ್ನು ಅಳೆದು, ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ, ವಾಹನ ಯಾವ ವೇಗದಲ್ಲಿ ಬಂದಿತೆಂದು ತನಿಖೆ ಮಾಡುವವರು ಅಂದಾಜು ಮಾಡುತ್ತಾರೆ.

ತಿರುಗುತ್ತಿರುವ ಚಕ್ರದ ತಳ ನೆಲವನ್ನು ಕಚ್ಚಿಕೊಂಡಿರುತ್ತದೆ. ಪೂರ್ತಿಯಾಗಿ ನಿಂತ ಚಕ್ರ ನೆಲದ ಮೇಲೆ ಉಜ್ಜಿಕೊಂಡು ಜಾರುತ್ತದೆ. ಕಚ್ಚಿಕೊಂಡ ಹಿಡಿತವು ಜಾರುವಾಗಿನ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ಅದೂ ಅಲ್ಲದೆ ಜಾರುವ ಚಕ್ರವನ್ನು ಬೇಕಾದ ಕಡೆಗೆ ತಿರುಗಿಸುವುದೂ ಸಾಧ್ಯವಾಗುವುದಿಲ್ಲ. ಇಂದಿನ ಅನೇಕ ವಾಹನಗಳಲ್ಲಿ ಚಕ್ರ ಪೂರ್ತಿಯಾಗಿ ನಿಲ್ಲದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಹಿಡಿಯುವ ವ್ಯವಸ್ಥೆಯನ್ನು ಅಳವಡಿಸಿರುವುದು ಇದಕ್ಕಾಗಿಯೇ.

ಈಗ ನನ್ನ ಸೈಕಲ್ಲಿಗೆ ಬರೋಣ. ಆ ದಿನ ನಾನು ಸೆಕೆಂಡಿಗೆ 6 ಮೀಟರು ವೇಗದಿಂದ ಬಂದಿದ್ದೆನೆನ್ನೋಣ. ಬರಿಯ ಟಾರಿನ ಮೇಲೆ ಸೈಕಲ್ಲಿನ ವಿಷಯದಲ್ಲಿ ಘರ್ಷಣಾಂಕ 0.5 ದೊರೆತಿದ್ದರೂ 4 ಮೀಟರಿನೊಳಗೆ ನಿಲ್ಲುತ್ತಿದ್ದೆ. ಹುರುಳಿಯ ಹಾಸಿನ ಮೇಲೆ ಚಕ್ರ ನೆಲವನ್ನು ಮುಟ್ಟಲೇ ಇಲ್ಲ. ಒಣಗಿದ ಬಳ್ಳಿಗಳು ಒಂದರ ಮೇಲೊಂದು ಜಾರಿದವು. ಉದುರಿದ ಕಾಳುಗಳು ಕೆಳಗೆ ಹೊರಳಿದವು. ಅಲ್ಲಿ ಘರ್ಷಣಾಂಕ 0.2ಕ್ಕೆ ಇಳಿದಿತ್ತೆಂದು ಊಹಿಸಿದರೆ ನಿಲ್ಲಲು 9 ಮೀಟರಿಗಿಂತ ಹೆಚ್ಚು ದೂರ ಬೇಕಾಗುತ್ತಿತ್ತು. ನನ್ನ ಮುಂದೆ ಅಷ್ಟು ಜಾಗವಿರಲಿಲ್ಲ. ಬ್ರೇಕನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದರೂ ಒಂದು ಅಂಗುಲದ ಲಾಭವಾಗುತ್ತಿರಲಿಲ್ಲ. ಚಕ್ರ ಆಗಲೇ ನಿಂತಿತ್ತು. ನನ್ನನ್ನು ನಿಲ್ಲಿಸುವ ಬಲ ನನ್ನ ಕೈಯಲ್ಲಿರಲಿಲ್ಲ, ನೆಲದಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ವೇಗವೊಂದೇ. ಅದನ್ನು ಇಳಿಜಾರಿನಲ್ಲಿಯೇ ಅರ್ಧಕ್ಕೆ ಇಳಿಸಿದ್ದರೆ, ಅದೇ ಹುರುಳಿಯ ಮೇಲೆ ಎರಡೂಕಾಲು ಮೀಟರಿನ ಸುಮಾರಿಗೆ ನಿಂತುಬಿಡುತ್ತಿದ್ದೆ.

ಕೆಲವು ದಿನಗಳ ಬಳಿಕ ಅದೇ ದಾರಿಯಲ್ಲಿ ಸೈಕಲ್ಲಿನಿಂದಿಳಿದು, ಅಜ್ಜಿಗೆ ಅವಳ ಪ್ರಶ್ನೆಯ ಉತ್ತರವನ್ನು ಹೇಳಿದೆ. ಬಿರಿ ಹಿಡಿದದ್ದು ಚಕ್ರವನ್ನೆಂದೂ, ಗಾಡಿಯನ್ನು ಹಿಡಿಯಬೇಕಾದದ್ದು ನೆಲವೆಂದೂ, ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟಾಗುವುದೆಂದೂ ವಿವರಿಸಿದೆ. ಅವಳು ಮೊರವನ್ನು ಆಡಿಸುತ್ತಲೇ ಕೇಳಿ, “ಹಾಗಾದರೆ ಮೆಲ್ಲಗೆ ಬರಬೇಕಿತ್ತು ಅನ್ನಿ” ಎಂದಳು. ಜಗುಲಿಯ ಮೇಲೆ ಒಂದು ಅವಧಿಯೆಲ್ಲ ನಾವು ಮಾಡಿದ ಲೆಕ್ಕದ ಸಾರವನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಆದರೆ ಎಷ್ಟು ಮೆಲ್ಲಗೆ ಎಂಬುದನ್ನು ಲೆಕ್ಕವೇ ಹೇಳಬೇಕು. ನೀವು ನಾಳೆ ಸೈಕಲ್ಲನ್ನೋ ಬೇರೆ ವಾಹನವನ್ನೋ ನಡೆಸುವಾಗ ಮುಂದಿರುವ ನೆಲವನ್ನು ಒಮ್ಮೆ ನೋಡಿರಿ. ಮಳೆಯ ನೀರು, ಮರಳು, ಒಕ್ಕಣೆಯ ಹುಲ್ಲು ಕಂಡರೆ, ನಿಮ್ಮನ್ನು ನಿಲ್ಲಿಸುವ ಬಲ ಅಲ್ಲಿ ಕಡಿಮೆಯಾಗಿದೆಯೆಂದು ತಿಳಿದು ವೇಗವನ್ನು ಮೊದಲೇ ಇಳಿಸಿರಿ. ಆ ಹಾಸಿನ ಕೊನೆಯಲ್ಲಿ ಯಾರೋ ಒಬ್ಬರು ಬೆನ್ನುಮಾಡಿ ಕುಳಿತಿರಬಹುದು.